ದೂರಿಗೆ ಮೊದಲೇ ಮಾತು

ಮಗುವಿನ ದಿನ ಶಾಲೆಗೂ ಮನೆಗೂ ಹಂಚಿಹೋಗಿರುತ್ತದೆ. ಐದಾರು ಗಂಟೆ ಶಿಕ್ಷಕರ ಕಣ್ಣೆದುರು, ಉಳಿದ ಹೊತ್ತು ಮನೆಯವರ ಕಣ್ಣೆದುರು. ಹಾಗಾಗಿ ಮಗುವನ್ನು ಪೂರ್ತಿಯಾಗಿ ಬಲ್ಲವರು ಈ ಇಬ್ಬರಲ್ಲಿ ಯಾರೂ ಇಲ್ಲ; ಒಬ್ಬೊಬ್ಬರಿಗೂ ಅರ್ಧರ್ಧ ಗೊತ್ತು. ಪೋಷಕರು ಮತ್ತು ಶಿಕ್ಷಕರ ಸಂಬಂಧವೆಂದರೆ ಮೂಲತಃ ಈ ಎರಡು ಅರ್ಧಗಳನ್ನು ಜೋಡಿಸುವ ಕೆಲಸ. ತಾಂಡಾದಿಂದ ಬಂದು ಒಂದನೇ ತರಗತಿಗೆ ಸೇರಿದ ಹುಡುಗಿ ಮೂರು ತಿಂಗಳಾದರೂ ಬಾಯಿ ಬಿಡದಿದ್ದರೆ ಶಿಕ್ಷಕಿ ಅವಳನ್ನು ಮಂಕು ಎಂದುಕೊಳ್ಳಬಹುದು. ಮನೆಯಲ್ಲಿ ಅದೇ ಹುಡುಗಿ ಅಜ್ಜಿಗೆ ಲಂಬಾಣಿಯಲ್ಲಿ ಕಥೆ ಹೇಳಿ ಮುಗಿಸುವುದೇ ಇಲ್ಲ ಎಂಬುದು ತಾಯಿಗೆ ಗೊತ್ತು. ಇಬ್ಬರೂ ಒಮ್ಮೆ ಕೂತು ಮಾತಾಡಿದರೆ ಸಮಸ್ಯೆ ಬುದ್ಧಿಯದಲ್ಲ, ಭಾಷೆಯದು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಮಾತಾಡದಿದ್ದರೆ ಮಗುವಿನ ಹಣೆಪಟ್ಟಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

‘ಪೋಷಕರು’ ಎಂಬ ಪದವನ್ನೇ ಮೊದಲು ಸ್ವಲ್ಪ ಗಮನಿಸಬೇಕು. ಅದು ತಂದೆತಾಯಿ ಎಂಬುದಕ್ಕಿಂತ ದೊಡ್ಡದು. ಪೋಷಿಸುವವರೆಲ್ಲ ಅದರೊಳಗೆ ಬರುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗಂಡಹೆಂಡತಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಆ ಮಗುವಿನ ಮಟ್ಟಿಗೆ ಪೋಷಕಿ ಎಂದರೆ ಅಜ್ಜಿಯೇ. ‘ಅಪ್ಪ ಅಮ್ಮನ್ನ ಕರ್ಕೊಂಡು ಬಾ’ ಎಂದರೆ ಆ ಮಗು ಎಲ್ಲಿಂದ ಕರೆತರಬೇಕು? ಸಭೆಗೆ ಬಂದ ಅಜ್ಜಿಯನ್ನು, ಚಿಕ್ಕಮ್ಮನನ್ನು, ದೊಡ್ಡ ಅಕ್ಕನನ್ನು ‘ಅಪ್ಪ ಯಾಕೆ ಬರಲಿಲ್ಲ’ ಎಂದು ಕೇಳದೆ ಕೂರಿಸಿ ಮಾತಾಡಿಸುವ ಶಾಲೆಗೆ ಆ ಮನೆಯ ಬಾಗಿಲು ತೆರೆದೇ ಇರುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ ಈ ಸಂಬಂಧಕ್ಕೆ ಹಿಂದೆ ಬೇರೆಯೇ ರೂಪವಿತ್ತು. ಮೇಷ್ಟ್ರು, ಉತ್ತರ ಕರ್ನಾಟಕದಲ್ಲಾದರೆ ಮಾಸ್ತರರು, ಅಕ್ಕೋರು, ಊರಲ್ಲೇ ಮನೆ ಮಾಡಿಕೊಂಡಿರುತ್ತಿದ್ದರು. ಮಿಲಿಟರಿಯಲ್ಲಿದ್ದ ಮಗನ ಕಾಗದ ಓದಿ ಹೇಳುವವರು ಅವರು, ಅರ್ಜಿ ಬರೆದುಕೊಡುವವರು ಅವರು. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅವರಿಗೆ ಬೀದಿಯಲ್ಲಿ ನಡೆದುಹೋಗುವಾಗಲೇ ತಿಳಿಯುತ್ತಿತ್ತು. ಈಗ ಹೆಚ್ಚಿನ ಶಿಕ್ಷಕರು ತಾಲ್ಲೂಕು ಕೇಂದ್ರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೊರಡುತ್ತಾರೆ. ಅವರ ಮಕ್ಕಳ ಓದು, ಮನೆಯವರ ನೌಕರಿ ಎಲ್ಲ ಪಟ್ಟಣದಲ್ಲಿದೆ, ಅದನ್ನು ತಪ್ಪೆನ್ನಲಾಗದು. ಆದರೆ ತಾನಾಗಿ ಆಗುತ್ತಿದ್ದ ಪರಿಚಯವನ್ನು ಈಗ ಪ್ರಯತ್ನಪಟ್ಟು ಬೆಳೆಸಿಕೊಳ್ಳಬೇಕಾಗಿದೆ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವಂತಿಲ್ಲ. ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಸಾ’ ಎಂದು ಹೇಳಿ ಮಗನನ್ನು ಒಪ್ಪಿಸಿ ಹೋಗುತ್ತಿದ್ದ ಅಪ್ಪನ ಮಾತಿನಲ್ಲಿ ನಂಬಿಕೆ ಇತ್ತು ನಿಜ. ಆದರೆ ಅದು ಒಮ್ಮೆ ಒಪ್ಪಿಸಿ ಕೈತೊಳೆದುಕೊಳ್ಳುವ ನಂಬಿಕೆ. ಅಲ್ಲಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನೋವು ತಿನ್ನುವುದು ಮಾತ್ರ ಮಗು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಪೋಷಕರೇ ಒಪ್ಪಿಗೆ ಕೊಟ್ಟರೂ ಆ ನಿಷೇಧ ಸಡಿಲವಾಗುವುದಿಲ್ಲ. ಬೆತ್ತದ ಬದಲು ಏನು ಎಂಬ ಪ್ರಶ್ನೆ ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಹಾಗೇ ಉಳಿದಿದೆ. ಮನೆಯೊಂದಿಗೆ ಮಾತು ಎಂಬುದು ಅದಕ್ಕಿರುವ ಮುಖ್ಯ ಉತ್ತರ.

ಆ ಮಾತು ಈಗ ನಡೆಯುವ ರೀತಿಯೇ ತೊಂದರೆಯ ಮೂಲ. ‘ನಾಳೆ ಅಪ್ಪನ್ನ ಕರ್ಕೊಂಡು ಬಾ’ ಎಂಬುದು ಕರ್ನಾಟಕದ ಯಾವುದೇ ತರಗತಿಯಲ್ಲಿ ಆಮಂತ್ರಣವಾಗಿ ಕೇಳಿಸುವುದಿಲ್ಲ, ಶಿಕ್ಷೆಯಾಗಿ ಕೇಳಿಸುತ್ತದೆ. ಮಗು ಅದನ್ನು ಮನೆಯಲ್ಲಿ ಹೇಳಲು ಹೆದರುತ್ತದೆ. ಹೇಳಿದ ಮೇಲೆ ಬರುವ ಅಪ್ಪ ಒಂದೋ ಶಾಲೆಯ ಅಂಗಳದಲ್ಲೇ ಮಗನಿಗೆ ಬಾರಿಸುತ್ತಾನೆ, ಇಲ್ಲವೇ ಶಿಕ್ಷಕರ ಮೇಲೆ ತಿರುಗಿಬೀಳುತ್ತಾನೆ. ಎರಡೂ ಬೇರೆಬೇರೆ ಸ್ವಭಾವದಂತೆ ಕಂಡರೂ ಹುಟ್ಟುವುದು ಒಂದೇ ಅವಮಾನದಿಂದ. ವರ್ಷವಿಡೀ ಒಂದು ಮಾತೂ ಇಲ್ಲದೆ, ಮೊದಲ ಭೇಟಿಯೇ ತಪ್ಪಿನ ಪಟ್ಟಿಯಾದಾಗ ಬೇರೇನೂ ಆಗಲಾರದು. ದೂರು ಹೇಳಲೇಬೇಕಾದ ದಿನ ಪ್ರತಿ ಮಗುವಿನ ವಿಷಯದಲ್ಲೂ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಕನಿಷ್ಠ ಒಂದು ಒಳ್ಳೆಯ ಮಾತು ಆ ಮನೆಗೆ ತಲುಪಿದೆಯೇ ಎಂಬುದರ ಮೇಲೆ ಆ ದಿನದ ಗತಿ ನಿಂತಿರುತ್ತದೆ.

ಪೋಷಕರು ಶಾಲೆಗೆ ಬರಲು ಹಿಂಜರಿಯುವುದಕ್ಕೆ ಕಾರಣ ಅಸಡ್ಡೆ ಎಂದು ಶಿಕ್ಷಕರ ಕೊಠಡಿಯಲ್ಲಿ ಆಗಾಗ ಕೇಳಿಬರುತ್ತದೆ. ಅಸಡ್ಡೆಗಿಂತ ಹೆಚ್ಚಾಗಿ ಅದು ಅಂಜಿಕೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಸಾರಾ ಲಾರೆನ್ಸ್ ಲೈಟ್‌ಫೂಟ್ 2003ರಲ್ಲಿ ಪೋಷಕ ಮತ್ತು ಶಿಕ್ಷಕರ ಮಾತುಕತೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ತರಗತಿಯ ಪುಟ್ಟ ಬೆಂಚಿನ ಮೇಲೆ ಕೂತ ಕೂಡಲೇ ಪೋಷಕರಿಗೆ ತಮ್ಮದೇ ಬಾಲ್ಯದ ಶಾಲೆ, ಅಲ್ಲಿನ ಹೆದರಿಕೆ, ಅವಮಾನಗಳೆಲ್ಲ ಎದ್ದುಬರುತ್ತವೆ, ಶಿಕ್ಷಕರಿಗೂ ತಮ್ಮ ಹಳೆಯ ನೆನಪುಗಳಿರುತ್ತವೆ ಎಂಬುದು ಅವರ ಮುಖ್ಯ ಗ್ರಹಿಕೆ. ಅಮೆರಿಕದ ಶಾಲೆಗಳನ್ನು ನೋಡಿ ಬರೆದ ಈ ಮಾತು ಇಲ್ಲಿಗೂ ಸಲ್ಲುತ್ತದೆ. ಇಲ್ಲಿ ಅದರ ತೂಕ ಇನ್ನೂ ಹೆಚ್ಚು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಅಪ್ಪನಿಗೆ ನೆನಪಿರುವುದು ಶಾಲೆ ಬಿಡಿಸಿದ ಪೆಟ್ಟು. ಶಾಲೆಯ ಮೆಟ್ಟಿಲನ್ನೇ ಹತ್ತದ ತಾಯಿಗೆ ರಿಜಿಸ್ಟರಿನಲ್ಲಿ ಎಲ್ಲರೆದುರು ಹೆಬ್ಬೆಟ್ಟು ಒತ್ತುವುದೇ ಒಂದು ಸಂಕಟ. ಜಾತಿಯೂ ಇಲ್ಲಿ ಕೆಲಸ ಮಾಡುತ್ತದೆ. ಬಾಗಿಲ ಹೊರಗೆ ನಿಂತೇ ಮಾತಾಡಿ ಅಭ್ಯಾಸವಾದ ದಲಿತ ಪೋಷಕರು ಕರೆದರೂ ಒಳಗೆ ಬಂದು ಕುರ್ಚಿಯಲ್ಲಿ ಕೂರಲು ಹಿಂದೆಗೆಯುವ ಊರುಗಳು ಇನ್ನೂ ಇವೆ. ಅಲ್ಲಿ ಕುರ್ಚಿ ಎಳೆದು ಹಾಕಿ ‘ಕೂತ್ಕೊಳ್ಳಮ್ಮ’ ಎನ್ನುವುದು ಬರಿಯ ಸೌಜನ್ಯದ ಮಾತಾಗಿ ಉಳಿಯುವುದಿಲ್ಲ, ಆ ಶಾಲೆ ಎಲ್ಲರದು ಎಂಬ ಘೋಷಣೆಯೇ ಆಗುತ್ತದೆ.

ಇಬ್ಬರಲ್ಲಿ ಬಲವಿರುವ ಕಡೆ ಯಾವುದು ಎಂದು ಕೇಳಿದರೆ, ಸರ್ಕಾರಿ ಶಾಲೆಯ ಮಟ್ಟಿಗೆ ಅದು ಶಿಕ್ಷಕರ ಕಡೆ. ಓದು, ಸಂಬಳ, ಹುದ್ದೆ, ಕುರ್ಚಿ ಎಲ್ಲ ಅವರಲ್ಲಿದೆ. ಆದ್ದರಿಂದ ಮೊದಲ ಹೆಜ್ಜೆ ಅವರಿಂದಲೇ ಬರಬೇಕು. ಕಾನೂನೂ ಅದನ್ನೇ ಹೇಳುತ್ತದೆ. ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನಂತೆ ಶಿಕ್ಷಕರ ಕರ್ತವ್ಯಗಳಲ್ಲಿ ಒಂದು. ಪೋಷಕರಿಗೂ ಹೊಣೆ ಇದೆ: 2002ರ 86ನೇ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಗೆ ಸೇರಿದ ಮೂಲಭೂತ ಕರ್ತವ್ಯದಂತೆ 6ರಿಂದ 14 ವರ್ಷದ ಮಗುವಿಗೆ ಓದುವ ಅವಕಾಶ ಕೊಡಬೇಕಾದವರು ತಂದೆತಾಯಿ ಅಥವಾ ಪಾಲಕರು.

ಸಮಿತಿ ಮತ್ತು ಮಾತುಕತೆ

ಕರ್ನಾಟಕದಲ್ಲಿ ಪೋಷಕರನ್ನು ಶಾಲೆಯ ಆಡಳಿತಕ್ಕೆ ಸೇರಿಸುವ ಕೆಲಸ ಶಿಕ್ಷಣ ಹಕ್ಕು ಕಾಯ್ದೆಗಿಂತ ಮುಂಚೆಯೇ ಆರಂಭವಾಗಿತ್ತು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು; ಎಲ್ಲರ ಬಾಯಲ್ಲಿ ಅದು ಎಸ್‌ಡಿಎಂಸಿ. ಮಕ್ಕಳನ್ನು ಅದೇ ಶಾಲೆಗೆ ಕಳಿಸುವ ಪೋಷಕರಿಂದಲೇ ಸದಸ್ಯರನ್ನು ಆರಿಸಬೇಕೆಂಬುದು ಅದರ ದೊಡ್ಡ ಹೊಸತನ. ಅನಂತರ ಬಂದ ಕಾಯ್ದೆಯ 21ನೇ ಕಲಂ ದೇಶಕ್ಕೆಲ್ಲ ಅನ್ವಯವಾಗುವಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ಕಲಂ ಅನ್ವಯಿಸುವುದಿಲ್ಲ.

ಎಸ್‌ಡಿಎಂಸಿಯಿಂದ ಆಗಿರುವ ಒಳ್ಳೆಯದು ಕಡಿಮೆಯಲ್ಲ. ಕಾಂಪೌಂಡು, ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಯ ಗುಣಮಟ್ಟ ಇವುಗಳ ಮೇಲೆ ಊರವರ ಕಣ್ಣು ಬಿದ್ದದ್ದು ಅದರಿಂದಲೇ. ಆದರೂ ಸಭೆಗಳ ನಡಾವಳಿ ಪುಸ್ತಕ ತೆರೆದರೆ ಹೆಚ್ಚಿನದು ಕಟ್ಟಡ, ಸಮವಸ್ತ್ರ, ಅನುದಾನ, ಸ್ವಾತಂತ್ರ್ಯ ದಿನಾಚರಣೆ. ಮಕ್ಕಳು ಏನು ಕಲಿತರು ಎಂಬ ಮಾತು ಅಪರೂಪ. ಕೆಲವು ಊರುಗಳಲ್ಲಿ ಸದಸ್ಯತ್ವ ರಾಜಕೀಯದ ಮೊದಲ ಮೆಟ್ಟಿಲಾಗಿದೆ. ಮಹಿಳಾ ಸದಸ್ಯೆಯ ಸಹಿಗೆ ಪುಸ್ತಕವೇ ಮನೆಗೆ ಹೋಗುವುದುಂಟು. ಈ ಕೊರತೆಗಳನ್ನು ಸರಿಪಡಿಸಬೇಕು. ಆದರೆ ಸರಿಪಡಿಸಿದರೂ ಸಮಿತಿ ಒಂದು ಆಡಳಿತದ ಏರ್ಪಾಡು. ಅಲ್ಲಿ ಊರು ಶಾಲೆಯೊಂದಿಗೆ ಮಾತಾಡುತ್ತದೆ. ಒಂದು ಮಗುವಿನ ಬಗ್ಗೆ ಒಬ್ಬ ತಾಯಿ ಒಬ್ಬ ಶಿಕ್ಷಕರೊಂದಿಗೆ ಆಡುವ ಮಾತಿನ ಜಾಗವನ್ನು ಅದು ತುಂಬಲಾರದು. ಇಲಾಖೆ ನಡೆಸಿದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಆ ಜಾಗಕ್ಕೆ ಸ್ವಲ್ಪ ಹತ್ತಿರ ಬಂದಿತ್ತು. ಪೋಷಕರೆಲ್ಲ ಸೇರಿದ ದಿನ ಮಕ್ಕಳ ಉತ್ತರ ಪತ್ರಿಕೆಗಳನ್ನು ಅವರ ಕೈಗೇ ಕೊಟ್ಟು, ಮಕ್ಕಳು ಕಲಿತದ್ದನ್ನು ಎದುರಿಗೇ ತೋರಿಸುವುದು ಅದರ ಆಶಯ.

ಏನು ಹೇಳಬೇಕು, ಏನು ಕೇಳಬೇಕು

‘ನಿಮ್ಮ ಹುಡುಗ ಚುರುಕಿಲ್ಲ’ ಎಂಬ ಮಾತು ಕೇಳಿ ಮನೆಗೆ ಹೋದ ತಾಯಿ ಮಾಡುವುದೇನೂ ಇಲ್ಲ. ಅಳಬಹುದು, ಬೈಯಬಹುದು, ಅಷ್ಟೇ. ‘ಓದುವಾಗ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ, ಉಳಿದದ್ದು ಸರಾಗ’ ಎಂದರೆ ಅದೇ ತಾಯಿಗೆ ಮಗ ಎಲ್ಲಿದ್ದಾನೆಂದು ಗೊತ್ತಾಗುತ್ತದೆ. ‘ಕೂಡುವ ಲೆಕ್ಕದಲ್ಲಿ ದಶಕ ಬಿಟ್ಟುಬಿಡುತ್ತಾಳೆ’ ಎಂಬುದು ದೂರಲ್ಲ, ಮಾಹಿತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಆಮೇಲೆ ರಾಜ್ಯವಿಡೀ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಇದಕ್ಕೆ ಒಳ್ಳೆಯ ಸಾಧನವಿದೆ. ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಪ್ರಗತಿ ನೋಟದಲ್ಲಿ ಗುರುತಿಸುತ್ತಾರೆ. ಆ ಹಾಳೆಯ ಮುಂದೆ ನಿಲ್ಲಿಸಿ ಬೆರಳಿಟ್ಟು ತೋರಿಸಿದರೆ ಅಕ್ಷರ ಬಾರದ ಪೋಷಕರಿಗೂ ‘ಹೋದ ಸಲ ಇಲ್ಲಿದ್ದಳು, ಈಗ ಇಲ್ಲಿಗೆ ಬಂದಿದ್ದಾಳೆ’ ಎಂಬುದು ಅರ್ಥವಾಗುತ್ತದೆ. ಅಂಕದ ಪಟ್ಟಿ ಮಗುವನ್ನು ಪಕ್ಕದ ಮಗುವಿನೊಂದಿಗೆ ಅಳೆಯುತ್ತದೆ. ಈ ಹಾಳೆ ಅದನ್ನು ಅದರದೇ ನಿನ್ನೆಯೊಂದಿಗೆ ಅಳೆಯುತ್ತದೆ. ಎಲ್ಲ ಪೋಷಕರ ಎದುರು ಅಂಕ ಓದಿ ಹೇಳುವ ರೂಢಿಯನ್ನಂತೂ ಯಾವ ಶಾಲೆಯೂ ಇಟ್ಟುಕೊಳ್ಳಬಾರದು.

ಓದು ಬಾರದ ಮನೆಯಿಂದ ಕಲಿಕೆಗೆ ಏನು ಸಿಗುತ್ತದೆ ಎಂಬ ಸಂದೇಹವೂ ಸರಿಯಲ್ಲ. ಮನೆಪಾಠ ಹೇಳಿಕೊಡುವುದು ಪೋಷಕರ ಕೆಲಸವಲ್ಲ. ದಿನವೂ ಹೊತ್ತಿಗೆ ಸರಿಯಾಗಿ ಕಳಿಸುವುದು, ನಿದ್ದೆ ಕೆಡದಂತೆ ನೋಡಿಕೊಳ್ಳುವುದು, ಒಲೆಯ ಮುಂದೆ ಕೂತಾಗ ಮಗು ಜೋರಾಗಿ ಓದುವುದನ್ನು ಹತ್ತು ನಿಮಿಷ ಕೇಳಿಸಿಕೊಳ್ಳುವುದು, ಸಂತೆಯಲ್ಲಿ ಚಿಲ್ಲರೆ ಎಣಿಸಲು ಮಗುವಿನ ಕೈಗೆ ಕೊಡುವುದು, ಬಸ್ಸಿನ ಬೋರ್ಡು ಓದಿಸುವುದು ಯಾರಿಗೂ ಆಗುವ ಕೆಲಸಗಳು. ಶಿಕ್ಷಕರು ಇವನ್ನು ಬಿಡಿಸಿ ಹೇಳಬೇಕು. ‘ಮನೇಲಿ ಸ್ವಲ್ಪ ನೋಡ್ಕೊಳ್ಳಿ’ ಎಂಬ ಒಂದೇ ಮಾತಿಗೆ ಅರ್ಥವಿಲ್ಲ.

ಇನ್ನು ಮನೆಯಿಂದ ಶಾಲೆಗೆ ಹೋಗಬೇಕಾದ ಸುದ್ದಿ. ಮನೆಯಲ್ಲೊಂದು ಸಾವು, ಅಪ್ಪನ ಕುಡಿತ, ಸಾಲದ ಗಲಾಟೆ, ದೂರದ್ದು ಸರಿಯಾಗಿ ಕಾಣದೆ ಮಗು ಟಿವಿಯ ಹತ್ತಿರವೇ ಹೋಗಿ ಕೂರುವುದು, ಮುಂದಿನ ತಿಂಗಳು ಗುಳೆ ಹೋಗುವ ಯೋಚನೆ. ಇವೆಲ್ಲ ಮನೆಯ ಗುಟ್ಟು ಎಂದು ಮುಚ್ಚಿಟ್ಟರೆ ಶಿಕ್ಷಕರಿಗೆ ಕಾಣುವುದು ಮಗುವಿನ ಮಂಕುತನ, ಸಿಟ್ಟು, ಗೈರುಹಾಜರಿ ಮಾತ್ರ. ಗುಳೆ ಹೋಗುವುದು ಮೊದಲೇ ತಿಳಿದರೆ ಮಗುವನ್ನು ಊರಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆಗೆ, ಇಲ್ಲವೇ ಹೋದ ಊರಿನ ಶಾಲೆಗೆ ಸೇರಿಸುವುದಕ್ಕೆ ಸಮಯ ಸಿಗುತ್ತದೆ. ಹೀಗೆ ನಂಬಿ ಹೇಳಿದ್ದನ್ನು ಶಿಕ್ಷಕರು ತರಗತಿಯಲ್ಲಿ ಎತ್ತಿ ಆಡಬಾರದು. ಒಂದು ಸಲ ‘ನಿಮ್ಮಪ್ಪ ಕುಡಿದು ಬಿದ್ದಿದ್ನಂತಲ್ಲ’ ಎಂದುಬಿಟ್ಟರೆ ಆ ಮನೆಯ ಬಾಯಿ ಶಾಶ್ವತವಾಗಿ ಮುಚ್ಚಿದಂತೆ.

ಏಳೆಂಟನೇ ತರಗತಿಯ ಹೆಣ್ಣುಮಕ್ಕಳ ವಿಷಯದಲ್ಲಿ ಈ ನಂಬಿಕೆಯ ಬೆಲೆ ಇನ್ನೂ ದೊಡ್ಡದು. ಮದುವೆಯ ಮಾತು ಮನೆಯಲ್ಲಿ ಎದ್ದಾಗ ಅದನ್ನು ತಡೆಯಲು ಮನಸ್ಸಿದ್ದೂ ದನಿಯಿಲ್ಲದ ತಾಯಂದಿರು ಇರುತ್ತಾರೆ. ಟೀಚರಮ್ಮನ ಪರಿಚಯವಿದ್ದರೆ ಸುದ್ದಿ ಅವರ ಕಿವಿಗೆ ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಬೀಳುತ್ತದೆ. ಕಲಿಕಾ ನ್ಯೂನತೆಯೂ ಹಾಗೆಯೇ. ಬುದ್ಧಿ ಚೆನ್ನಾಗಿದ್ದೂ ಅಕ್ಷರಗಳು ಕಲಸಿಹೋಗುವ ಮಕ್ಕಳಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದನ್ನು ಮೊದಲು ಗಮನಿಸುವುದು ಶಿಕ್ಷಕರು. ತಪಾಸಣೆಗೆ ಕರೆದೊಯ್ಯಬೇಕಾದವರು ಪೋಷಕರು. ನಡುವೆ ಮಾತಿಲ್ಲದಿದ್ದರೆ ಆ ಮಗು ಸೋಮಾರಿ ಎಂದೇ ಬೈಸಿಕೊಳ್ಳುತ್ತ ಹೈಸ್ಕೂಲು ತಲುಪುತ್ತದೆ.

ಎಲ್ಲಿ, ಯಾವಾಗ

ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಕೂಲಿಯವರಿಗೆ ಆ ದಿನದ ಕೂಲಿ ಹೋಗುತ್ತದೆ. ಬಾರದವರನ್ನು ದೂರುವ ಮುನ್ನ ಈ ಲೆಕ್ಕ ನೋಡಬೇಕು. ಸೋಮವಾರ ಎತ್ತಿಗೆ ನೊಗ ಹೂಡದ ಊರುಗಳಿವೆ, ಅಮಾವಾಸ್ಯೆಯಂದು ಹೊಲದ ಕೆಲಸಕ್ಕೆ ಬಿಡುವು ಕೊಡುವ ಊರುಗಳಿವೆ. ಅಂಥ ದಿನ ನೋಡಿ ಕರೆದರೆ ಜನ ಬರುತ್ತಾರೆ. ಸಭೆಗೆ ಬಾರದವರೂ ಮಕ್ಕಳ ಸಂತೆಗೆ, ವಾರ್ಷಿಕೋತ್ಸವಕ್ಕೆ, ಪ್ರತಿಭಾ ಕಾರಂಜಿಗೆ ಬಂದೇ ಬರುತ್ತಾರೆ. ಮಗಳು ಕೊತ್ತಂಬರಿ ಕಟ್ಟು ಮಾರಿ ಚಿಲ್ಲರೆ ಸರಿಯಾಗಿ ವಾಪಸ್ ಕೊಟ್ಟದ್ದನ್ನು ಕಣ್ಣಾರೆ ಕಂಡ ತಂದೆಗೆ ಗಣಿತದ ಬಗ್ಗೆ ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಎಲ್ಲಕ್ಕಿಂತ ಬಲವಾದದ್ದು ಮನೆ ಭೇಟಿ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ರಾಜ್ಯದಲ್ಲಿ ನಡೆದ ವಿದ್ಯಾಗಮ ಇದಕ್ಕೆ ದೊಡ್ಡ ಸಾಕ್ಷಿ. ಶಿಕ್ಷಕರು ಗುಡಿಯ ಪೌಳಿಯಲ್ಲಿ, ಅರಳಿ ಕಟ್ಟೆಯಲ್ಲಿ, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಕೆಲವು ವಾರಗಳಲ್ಲಿ ಎಷ್ಟೋ ಶಿಕ್ಷಕರು ತಮ್ಮ ವಿದ್ಯಾರ್ಥಿಗಳ ಮನೆಗಳನ್ನು ಮೊದಲ ಬಾರಿಗೆ ನೋಡಿದರು. ಮನೆಪಾಠ ಬರೆಯದ ಹುಡುಗನಿಗೆ ಕೂತು ಬರೆಯಲು ಜಾಗವೇ ಇಲ್ಲ ಎಂಬುದು ಕಣ್ಣಿಗೆ ಬಿದ್ದ ಮೇಲೆ ಬೈಗುಳ ನಾಲಿಗೆಯಲ್ಲೇ ಉಳಿಯುತ್ತದೆ. ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ 1998ರಲ್ಲಿ ಆರಂಭವಾದ ಮನೆ ಭೇಟಿ ಯೋಜನೆಯ ಕೆಲವು ನಿಯಮಗಳು ಇಲ್ಲಿಗೂ ಒಪ್ಪುತ್ತವೆ. ಇಬ್ಬರು ಜೊತೆಯಾಗಿ ಹೋಗಬೇಕು. ತೊಂದರೆಯ ಮಕ್ಕಳ ಮನೆಗಷ್ಟೇ ಹೋಗಬಾರದು, ಹೋದರೆ ಅದೂ ಒಂದು ಹಣೆಪಟ್ಟಿಯಾಗುತ್ತದೆ. ಮೊದಲ ಮಾತು ಮಗುವಿನ ಬಗ್ಗೆ ಆ ಮನೆಯ ಕನಸೇನು ಎಂಬುದಾಗಬೇಕು.

ಮೊಬೈಲು ಬಂದ ಮೇಲೆ ತರಗತಿಗೊಂದು ವಾಟ್ಸ್ಆ್ಯಪ್ ಗುಂಪು ಸಾಮಾನ್ಯವಾಗಿದೆ. ರಜೆ, ಲಸಿಕೆ, ಪರೀಕ್ಷೆಯ ದಿನಾಂಕ ತಿಳಿಸಲು ಅದು ಸಾಕು. ಒಂದು ಮಗುವಿನ ವಿಷಯ ಅಲ್ಲಿ ಬರಲೇಬಾರದು. ಓದು ಬಾರದವರಿಗೆ ಧ್ವನಿ ಸಂದೇಶ ಕಳಿಸಿದರೆ ಬಹಳ ಅನುಕೂಲ. ಶಿಕ್ಷಕರಿಗೂ ಸಂಸಾರವಿದೆ, ರಾತ್ರಿ ಹತ್ತಕ್ಕೆ ಕರೆ ಮಾಡಿ ಉತ್ತರ ಬಯಸುವುದು ಪೋಷಕರಿಗೆ ತಕ್ಕುದಲ್ಲ.

ಖಾಸಗಿ ಶಾಲೆಗಳಲ್ಲಿ ಬಲದ ತಕ್ಕಡಿ ಬೇರೆ ಕಡೆ ವಾಲುತ್ತದೆ. ಶುಲ್ಕ ಕಟ್ಟಿದವರು ತಮ್ಮನ್ನು ಗಿರಾಕಿಗಳೆಂದು ಭಾವಿಸುತ್ತಾರೆ, ಕಡಿಮೆ ಸಂಬಳದ ಶಿಕ್ಷಕಿ ಆಡಳಿತ ಮಂಡಳಿಗೂ ಪೋಷಕರಿಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಮನೆಗಳಲ್ಲಿ ಇನ್ನೊಂದು ಕಷ್ಟ: ಡೈರಿಯಲ್ಲಿ ಬರೆದು ಕಳಿಸಿದ ಇಂಗ್ಲಿಷ್ ಸಾಲನ್ನು ತಾಯಿ ಓದಲಾರಳು, ಮಗು ತನಗೆ ಬೇಕಾದಂತೆ ಓದಿ ಹೇಳುತ್ತದೆ. ಆ ಸಾಲನ್ನು ಕನ್ನಡದಲ್ಲೋ ಉರ್ದುವಿನಲ್ಲೋ, ಆ ಮನೆಗೆ ತಿಳಿಯುವ ಭಾಷೆಯಲ್ಲಿ ಬರೆಯಲು ಶಾಲೆಗೆ ಒಂದು ಪೈಸೆಯೂ ಖರ್ಚಾಗದು.

ಭಿನ್ನಾಭಿಪ್ರಾಯ ಬಂದಾಗ ಮಗುವಿನ ಎದುರು ವಾದಿಸದಿರುವುದು ಎರಡೂ ಕಡೆಯ ಮೊದಲ ಎಚ್ಚರ. ‘ನಿಮ್ಮ ಮಿಸ್‌ಗೆ ಏನೂ ಗೊತ್ತಿಲ್ಲ’ ಎಂದು ಮನೆಯಲ್ಲಿ ಕೇಳಿದ ಮಗು ಮರುದಿನ ಆ ಮಿಸ್ ಹೇಳಿದ್ದನ್ನು ಕಲಿಯುವುದಿಲ್ಲ. ಮೊದಲು ತರಗತಿ ಶಿಕ್ಷಕರು, ಆಮೇಲೆ ಮುಖ್ಯ ಶಿಕ್ಷಕರು, ಬಗೆಹರಿಯದಿದ್ದರೆ ಎಸ್‌ಡಿಎಂಸಿ, ಕ್ಷೇತ್ರ ಶಿಕ್ಷಣಾಧಿಕಾರಿ ಎಂಬ ಕ್ರಮದಲ್ಲಿ ಹೋದರೆ ಹೆಚ್ಚಿನವು ಮೊದಲ ಮೆಟ್ಟಿಲಲ್ಲೇ ಮುಗಿಯುತ್ತವೆ. ಆದರೆ ಲೈಂಗಿಕ ದೌರ್ಜನ್ಯ ಈ ಕ್ರಮಕ್ಕೆ ಸೇರಿದ್ದಲ್ಲ. ಅದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಶಾಲೆಯ ಮಾನ, ಊರ ಪಂಚಾಯಿತಿ, ರಾಜಿ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ ಸಂಖ್ಯೆ 1098.

ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂಬುದು ಶಿಕ್ಷಕರ ನ್ಯಾಯವಾದ ಪ್ರಶ್ನೆ. ದಾಖಲೆ, ಆನ್‌ಲೈನ್ ಮಾಹಿತಿ, ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ ಎಲ್ಲ ಅವರ ಹೆಗಲ ಮೇಲಿದೆ; ಇಲಾಖೆ ಆ ಹೊರೆ ಇಳಿಸಲೇಬೇಕು. ಆದರೂ ಮೊದಲ ಹೆಜ್ಜೆಗೆ ಬೇಕಾದ ಸಮಯ ಚಿಕ್ಕದು. ಒಂದರಿಂದ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಪ್ರಮಾಣ. ದಿನಕ್ಕೆ ಎರಡು ಮನೆಗೆ ಐದೈದು ನಿಮಿಷದ ಒಂದೊಂದು ಕರೆ, ಅದರಲ್ಲಿ ಮಗುವಿನ ಬಗ್ಗೆ ನಿಜವಾದ ಒಂದು ಒಳ್ಳೆಯ ಮಾತು, ಒಂದು ಪ್ರಶ್ನೆ. ಶಾಲೆ ಶುರುವಾದ ಜೂನ್ ಮೊದಲ ವಾರದಿಂದ ಹೀಗೆ ಮಾಡುತ್ತ ಹೋದರೆ 15 ಶಾಲಾ ದಿನಗಳಲ್ಲಿ ಮೂವತ್ತೂ ಮನೆಗಳೊಂದಿಗೆ ಮಾತಾಡಿದಂತಾಗುತ್ತದೆ. ಆಗಿನ್ನೂ ವರ್ಷದ ಮೊದಲ ಪರೀಕ್ಷೆಯೂ ನಡೆದಿರುವುದಿಲ್ಲ.